ಪರದೆಗೆ ಬೆನ್ನು ಮಾಡಿ

ಫೆಬ್ರವರಿ ೧೧

ತಂಗಿಗೆ ಅಣ್ಣನ ಆಶೀರ್ವಾದಗಳು.

ನೀನು ಕಳುಹಿಸಿದ ಪೆಟ್ಟಿಗೆ ನಿನ್ನೆ ಕೈಸೇರಿತು. ಹತ್ತಿಯೊಳಗೆ ಹತ್ತಿ, ಅದರೊಳಗೆ ಅಂಗೈಯಗಲದ ಒಂದು ವಿಡಿಯೊ ಪ್ಲೇಯರ್. ಎಡಸೊಂಟದ ಮೂಳೆ ಮುರಿದು, ಶಸ್ತ್ರಚಿಕಿತ್ಸೆಯಾಗಿ, ಮನೆಗೆ ಬಂದು ಮಲಗಿರುವ ತಾಯಿಗೆ ಮಗಳಾದವಳು ಕಳುಹಿಸಬಹುದಾದ ವಸ್ತು ಇದೆಂದು ನಾನು ಊಹಿಸಿರಲಿಲ್ಲ. ಔಷಧವಿರಬಹುದೆಂದು ಬಿಚ್ಚಿದೆ, ಆಟಿಕೆ ಸಿಕ್ಕಿತು.

ಮೂಳೆವೈದ್ಯೆಯು ವ್ಯಾಯಾಮ ತಪ್ಪಬಾರದೆಂದೂ ತಿಳಿದವರ ಕೈಯಲ್ಲಿಯೇ ಮಾಡಿಸಬೇಕೆಂದೂ ವಿಧಿಸಿದ್ದಾರೆ. ನಮ್ಮ ಬೀದಿಯಲ್ಲಿ ದರ್ಜಿಯಿದ್ದಾನೆ, ಬೀಗ ರಿಪೇರಿಯವನಿದ್ದಾನೆ, ಮೈ ಬಗ್ಗಿಸಲು ಕಲಿಸುವವರಿಲ್ಲ. ಆದಕಾರಣ ಒಪ್ಪಿದ್ದೇನೆ. ಒಪ್ಪಿದ್ದನ್ನು ಮೆಚ್ಚುಗೆಯೆಂದು ತಿಳಿಯಬೇಡ. ನಿನ್ನ ಕಸುಬಿನ ವಿಷಯದಲ್ಲಿ ನನ್ನ ಅಭಿಪ್ರಾಯ ಎಲ್ಲಿತ್ತೋ ಅಲ್ಲಿಯೇ ಇದೆ.

ಫೋನು ಮಾಡುವೆನೆಂದು ನೀನು ಬರೆದಿದ್ದೆ. ಬೇಡ. ಅಮ್ಮನ ಕಟ್ಟಳೆ ನಿನಗೆ ಮರೆತಂತಿದೆ. ನಿನ್ನೆಯೂ ಅದನ್ನೇ ಹೇಳಿದಳು: “ನಿಮ್ಮಿಬ್ಬರದ್ದು ಮೂರನೇ ಮಾತಿಗೆ ಜಗಳ. ಕಿತ್ತಾಡೋದಿದ್ರೆ ಕಾಗದದ ಮೇಲೆ ಕಿತ್ತಾಡಿ. ನನ್ನ ಕಿವೀನಾದ್ರೂ ತಣ್ಣಗಿರ್ಲಿ.”

ಅಣ್ಣ

ಫೆಬ್ರವರಿ ೨೦

ಅಣ್ಣನಿಗೆ ನಮಸ್ಕಾರ.

ಆಟಿಕೆಯೆಂದು ನೀನು ಕರೆದದ್ದನ್ನು ತುಂಬಿಸಲು ನಾನು ಪಟ್ಟ ಪಾಡು ನಿನಗೆ ತಿಳಿಯದು. ತಿಳಿಸುವ ಹಂಬಲವೂ ಇಲ್ಲ. ನನ್ನ ಅಡುಗೆಮನೆಯ ಮೇಜನ್ನು ಹೊರಗೆಳೆದು, ನೆಲದ ಮೇಲೆ ಚಾಪೆ ಹಾಸಿ, ಅಮ್ಮನ ಕೋಣೆಯಲ್ಲಿರುವಂಥದೇ ಮರದ ಕುರ್ಚಿಯನ್ನು ಪಕ್ಕದ ಮನೆಯಿಂದ ಬೇಡಿ ತಂದು, ಒಂದೊಂದು ವ್ಯಾಯಾಮವನ್ನೂ ನಾನೇ ಮಾಡಿ ಚಿತ್ರೀಕರಿಸಿದ್ದೇನೆ. ಪೇಟೆಯಲ್ಲಿ ಸಿಗುವ ವ್ಯಾಯಾಮದ ವಿಡಿಯೊಗಳಲ್ಲಿ ಚಿಗರೆಯಂಥ ಹುಡುಗಿಯರು ನಗುನಗುತ್ತಾ ಹಾರುತ್ತಾರೆ. ಮುರಿದ ಸೊಂಟದ ಮುದುಕಿಗೆ ಅದರಿಂದೇನು? ಇದು ಅಮ್ಮನೊಬ್ಬಳಿಗಾಗಿಯೇ ಮಾಡಿದ್ದು. ಯಾವ ಕಾಲು, ಎಷ್ಟು ಎತ್ತರ, ಎಲ್ಲಿ ನಿಲ್ಲಿಸಬೇಕು ಎಂಬುದೆಲ್ಲ ಕಣ್ಣಿಗೆ ಕಟ್ಟುವಂತಿದೆ. ಅಮ್ಮನ ಎದುರಿಗೆ ಇಡು. ಅವಳು ನೋಡಲಿ, ನೀನೂ ನೋಡು, ತಪ್ಪಿದರೆ ತಿದ್ದು.

ಇದೆಲ್ಲ ಬೇಕಿರಲಿಲ್ಲ, ನಾನೇ ಬಂದು ಕೂರಬಹುದಿತ್ತು. ಆದರೆ ವರ್ಷಗಳ ಹಿಂದೆ ಪ್ರಾರ್ಥನಾಮಂದಿರದಲ್ಲಿ ನೀನು ಗ್ರಂಥ ಓದುತ್ತಿದ್ದಾಗ ಯಾರೋ ಒಬ್ಬ ಎದ್ದು, “ಗುರುಗಳೇ, ವ್ಯಾಯಾಮಶಾಲೆ ಗೋಡೆ ಮೇಲಿನ ಜಾಹೀರಾತಲ್ಲಿ ನಿಮ್ಮ ತಂಗಿ ಆಳೆತ್ತರಕ್ಕೆ ಕಾಲೆತ್ತಿ ನಿಂತಿದಾರಲ್ಲ, ಅದರ ಅರ್ಥವನ್ನೂ ಸ್ವಲ್ಪ ಬಿಡಿಸಿ ಹೇಳಿ” ಎಂದ. ಸಭೆ ನಕ್ಕಿತು. ನಗಿಸಿದವನನ್ನು ನೀನು ಕೇಳಲಿಲ್ಲ. ನಿನ್ನ ತಂಗಿಯ ಮುಖವನ್ನು ಇನ್ನು ನೋಡೆನೆಂದು ಅಷ್ಟು ಜನರ ಮುಂದೆ ಆಡಿಬಿಟ್ಟೆ. ಆ ಮಾತನ್ನು ನೀನು ಹಿಂದೆಗೆದುಕೊಳ್ಳುವ ತನಕ ನಾನೂ ಆ ಹೊಸಿಲು ತುಳಿಯೆ. ಅದಕ್ಕಾಗಿಯೇ ಈ ಪೆಟ್ಟಿಗೆ.

ತಂಗಿ

ಮಾರ್ಚ್ ೯

ತಂಗಿಗೆ ಆಶೀರ್ವಾದಗಳು.

ವ್ಯಾಯಾಮವು ವ್ರತದಂತೆ ನಡೆಯುತ್ತಿದೆ. ಬೆಳಗಿನ ಪ್ರಾರ್ಥನೆ ಮುಗಿದೊಡನೆ ಯಂತ್ರವನ್ನು ಕಿಟಕಿಯ ಕಟ್ಟೆಯ ಮೇಲೆ ನಿಲ್ಲಿಸುತ್ತೇನೆ. ಅಮ್ಮನನ್ನು ನಿಲ್ಲಿಸಿ, ಅವಳಿಗೆ ಎದುರಾಗಿ ಮಣೆಯ ಮೇಲೆ ಕುಳಿತು, ಅವಳ ಎರಡೂ ಕೈ ಹಿಡಿದು, ನಿನ್ನ ಆಜ್ಞೆಗಳನ್ನು ಒಂದಕ್ಷರ ಬಿಡದೆ ನಡೆಸಿಕೊಡುತ್ತೇನೆ. ಕೇಳಿದ್ದನ್ನು ಕಂಠದಲ್ಲಿ ನಿಲ್ಲಿಸುವುದು ನನ್ನ ಜೀವಮಾನದ ಅಭ್ಯಾಸ. ಎರಡನೆಯ ದಿನಕ್ಕೇ ನಿನ್ನ ಪಾಠವೆಲ್ಲ ಬಾಯಿಗೆ ಬಂದಿತ್ತು. “ಉಸಿರು ತಗೋ, ನನ್ನ ಹಾಗೆ ಎತ್ತು, ಹಿಡ್ಕೋ, ಬಿಡು” ಎಂದು ನೀನು ಅನ್ನುವ ಮುನ್ನವೇ ನಾನು ಅನ್ನುತ್ತೇನೆ. ಬಾಗಿಲಲ್ಲಿ ನಿಂತು ನೋಡಿದ ದರ್ಜಿ, “ಗುರುಗಳೂ ವ್ಯಾಯಾಮಶಾಲೆ ತೆಗೆದ್ರಾ?” ಎಂದು ಅಣಕಿಸಿದ. ಅವನೊಡನೆ ಮಾತು ಬಿಟ್ಟಿದ್ದೇನೆ.

ಒಂದು ಆಕ್ಷೇಪವಿದೆ. ಏಕೆ ಅಷ್ಟು ಅರಚುತ್ತೀಯೆ? ಅಮ್ಮ ಕಿವುಡಿಯಲ್ಲ. ಈಚೆಗೆ ಸೊಂಟದಲ್ಲಿ ಸ್ವಲ್ಪ ನೋವಿದೆಯೆನ್ನುತ್ತಾಳೆ. ನೋವಿಲ್ಲದೆ ಯಾವ ಸಾಧನೆಯೂ ಇಲ್ಲವೆಂದು ಹೇಳಿದ್ದೇನೆ.

ಅಣ್ಣ

ಮಾರ್ಚ್ ೨೪

ತಂಗಿಗೆ,

ಆಶೀರ್ವಾದವನ್ನು ಬರೆಯಲು ಇಂದು ಲೇಖನಿ ಒಪ್ಪುತ್ತಿಲ್ಲ.

ಅಮ್ಮನ ಸೊಂಟ ಕುಂಬಳದಂತೆ ಊದಿದೆ. ನಿನ್ನೆ ಆಸ್ಪತ್ರೆಗೆ ಹೊತ್ತೊಯ್ದೆವು. ಮೂಳೆಗೆ ಬಿಗಿದಿದ್ದ ತಿರುಪು ಸಡಿಲವಾಗಿದೆಯಂತೆ. ವೈದ್ಯೆಯು ನೂರು ಜನ ಕೇಳುವಂತೆ ನನ್ನನ್ನು ಗದರಿಸಿದರು. “ಯಾರಪ್ಪಾ ಇವರಿಗೆ ಹೇಳಿಕೊಟ್ಟೋರು? ಆಪರೇಷನ್ ಆದ ಕಾಲಿನ ಮೇಲೆ ಭಾರ ಹಾಕಿ ನಿಲ್ಲಿಸಿ, ಒಳ್ಳೇ ಕಾಲಿಗೆ ವ್ಯಾಯಾಮ ಮಾಡಿಸಿದೀರಲ್ಲ! ಕಣ್ಣು ಬೇಡ್ವಾ?” ಎಂದರು. ಗ್ರಂಥ ಹಿಡಿದು ಕೂತರೆ ಊರೇ ಕೈಮುಗಿಯುವ ಈ ತಲೆಯನ್ನು ಆ ಹೆಂಗಸಿನ ಮುಂದೆ ತಗ್ಗಿಸಿ ನಿಂತೆ. ನಿನ್ನ ದೆಸೆಯಿಂದ.

ಇನ್ನು ಎಡಗಾಲನ್ನು ನೆಲಕ್ಕೆ ಊರುವಂತಿಲ್ಲ. ಮಲಗಿದಲ್ಲಿಯೇ ಆ ಕಾಲಿನ ವ್ಯಾಯಾಮ ಮಾತ್ರ ನಡೆಯಬೇಕು. ನಡೆಯದಿದ್ದರೆ ಕೀಲು ಬಿಗಿಯುತ್ತದೆ, ಮತ್ತೆ ಕೊಯ್ಯಬೇಕಾಗುತ್ತದೆ. ಮತ್ತೆ ಕೊಯ್ದರೆ ಈ ವಯಸ್ಸಿನಲ್ಲಿ ಅವಳು ಮೇಜಿನಿಂದ ಏಳುವಳೆಂದು ಯಾರೂ ಹೊಣೆ ಹೊರರು. ಹೀಗೆಂದವರು ವೈದ್ಯೆ, ನಾನಲ್ಲ.

ಪರರಿಗೆ ಮೈ ಬಗ್ಗಿಸಲು ಕಲಿಸಿ ಹೊಟ್ಟೆ ಹೊರೆಯುವ ನಿನಗೆ ಹೆತ್ತವಳ ಎಡ ಯಾವುದು ಬಲ ಯಾವುದು ಎಂಬುದು ತಿಳಿಯದೆ ಹೋಯಿತೇ?

ಮಾರ್ಚ್ ೩೧

ಅಣ್ಣನಿಗೆ,

ನಿನ್ನ ಕಾಗದವನ್ನು ಓದಿ ನನಗೆ ನಿಲ್ಲಲಾಗಲಿಲ್ಲ, ಕೂರಲಾಗಲಿಲ್ಲ. ನಾನು ಚಿತ್ರೀಕರಿಸಿದ್ದನ್ನೆಲ್ಲ ಮತ್ತೆ ಹಾಕಿ ನೋಡಿದೆ. ಪ್ರತಿಯೊಂದರಲ್ಲಿಯೂ ನಾನು ಎತ್ತಿರುವುದು ಎಡಗಾಲನ್ನೇ. ನಿಂತಿರುವುದು ಬಲಗಾಲಿನ ಮೇಲೆ. ಎದುರುಬದುರಾಗಿ ನೋಡಿದರೆ ಎಡಬಲ ತಪ್ಪುತ್ತದೆಯೆಂದು ತಿಳಿದೇ, ಅದಕ್ಕೊಂದು ಗುರುತನ್ನೂ ಇಟ್ಟಿದ್ದೆ. ಒಂದೊಂದರ ಆರಂಭದಲ್ಲಿಯೂ ಏನೂ ಮಾತಾಡದೆ ಆ ಗುರುತನ್ನು ಬೆರಳಿಟ್ಟು ತೋರಿಸಿದ್ದೇನೆ.

ಒಂದೇ ಪ್ರಶ್ನೆ. ನನ್ನ ಕಾಲಿಗೆ ಏನು ಕಟ್ಟಿಕೊಂಡಿದ್ದೆ?

ಏಪ್ರಿಲ್ ೮

ತಂಗಿಗೆ,

ಪ್ರಶ್ನೆಗೆ ಪ್ರಶ್ನೆಯಿಂದ ಉತ್ತರಿಸುವುದು ಅಪರಾಧಿಗಳ ಹಳೆಯ ದಾರಿ. ನೀನು ಆ ದಾರಿಯನ್ನು ಹಿಡಿದಿದ್ದೀಯೆ.

ವಿಚಾರವನ್ನು ವಿಚಾರವಾಗಿಯೇ ನೋಡೋಣ. “ನನ್ನ ಹಾಗೆ ಎತ್ತು” ಎನ್ನುತ್ತೀಯೆ. ಯಾವ ಕಾಲೆಂದು ನಿನ್ನ ಪಾಠದಲ್ಲಿ ಒಂದು ಕಡೆಯೂ ಉಚ್ಚರಿಸಿಲ್ಲ. ಗುರುವಾದವನು ವಿಧಿಯನ್ನು ಸ್ಪಷ್ಟವಾಗಿ ನುಡಿಯಬೇಕು. ನುಡಿಯದೆಡೆ ಶಿಷ್ಯನು ಶಿಷ್ಟರ ನಡೆಯನ್ನು ಅನುಸರಿಸಬೇಕು. ಸತ್ಕಾರ್ಯವೆಲ್ಲ ಬಲದಿಂದ ಮೊದಲಾಗುತ್ತದೆ. ಮನೆಯೊಳಕ್ಕೆ ಇಡುವ ಹೆಜ್ಜೆ ಬಲ, ಕೊಡುವ ಕೈ ಬಲ, ಗ್ರಂಥವನ್ನು ಮುಟ್ಟುವ ಕೈ ಬಲ. ಹಾಗಿರುವಾಗ “ಅಮ್ಮಾ, ಬಲಗಾಲು” ಎಂದೆ. ಅವಳು ಎತ್ತಿದಳು. ಒಂದು ದಿನವಾದರೂ ಅಲ್ಲವೆನ್ನಲಿಲ್ಲ. ಎದುರಿಗೆ ನೋಡುತ್ತಿದ್ದವಳೇ ಅಲ್ಲವೆನ್ನದಿದ್ದ ಮೇಲೆ ನನ್ನ ದೋಷವೇನು?

ನಿನ್ನ ಪ್ರಶ್ನೆಯನ್ನು ಅಮ್ಮನ ಮುಂದಿಟ್ಟೆ. “ಕಾಲಿಗಾ? ಕಾಲುಚೀಲ ಇರ್ಬೇಕು ಬಿಡೋ. ಅವಳ ಕಾಲು ಮೊದ್ಲಿಂದ ಥಂಡಿ” ಎಂದಳು. ಉತ್ತರ ಸಿಕ್ಕಿತಲ್ಲವೇ? ಇನ್ನು ತಿರುಪಿನ ಮಾತಾಡು.

ಏಪ್ರಿಲ್ ೧೫

ಪರಮಪೂಜ್ಯ ಅಣ್ಣನವರ ಪಾದಗಳಿಗೆ,

ತಮ್ಮಂಥ ವಿದ್ವಾಂಸರನ್ನು ಇನ್ನು ಏಕವಚನದಲ್ಲಿ ಕರೆಯಲು ನನಗೆ ಧೈರ್ಯವಿಲ್ಲ. ಮೂರು ಪುಟ ಬರೆದಿದ್ದೀರಿ. ಒಂದು ಬಣ್ಣ ಬರೆಯಲಿಲ್ಲ.

ಕಾಲುಚೀಲವಲ್ಲ. ಬರಿಗಾಲು. ಎಡಗಣಕಾಲಿಗೆ ಮೊಳದುದ್ದದ ಕೆಂಪು ಬಟ್ಟೆ. ಬೀದಿಯಲ್ಲಿ ಲಾರಿ ನಿಲ್ಲಿಸಬಹುದಾದಂಥ ಕೆಂಪು. ಅದನ್ನು ತಾವು ಕಾಣಲಿಲ್ಲ. ಏಕೆ ಕಾಣಲಿಲ್ಲವೆಂಬುದು ನನಗೆ ಸಾಲು ಸಾಲಾಗಿ ಅರ್ಥವಾಗುತ್ತಿದೆ. ಯಂತ್ರ ಕಿಟಕಿಯ ಕಟ್ಟೆಯ ಮೇಲೆ, ಅಮ್ಮನ ಎದುರಿಗೆ. ತಾವು ಕುಳಿತದ್ದೂ ಅಮ್ಮನ ಎದುರಿಗೆ. ಅಂದರೆ ನನಗೆ ಬೆನ್ನು ಮಾಡಿ! ನನ್ನ ಮುಖ ಕಣ್ಣಿಗೆ ಬಿದ್ದರೆ ತಮ್ಮ ಪ್ರತಿಜ್ಞೆ ಮೈಲಿಗೆಯಾಗುತ್ತದೆಂದು, ಕಿವಿಯಿಂದ ಕೇಳಿ, ಬಾಯಿಂದ ಹೇಳಿ, ಅಮ್ಮನ ಮೂಳೆಯನ್ನು ಊಹೆಯ ಮೇಲೆ ನಡೆಸಿದ್ದೀರಿ. ಗಾಜಿನಲ್ಲಿ ಮೂಡುವ ಬೆರಳುದ್ದದ ಮುಖವೂ ತಮಗೆ ನಿಷಿದ್ಧವಾಯಿತೇ?

ಅಮ್ಮ ಏಕೆ ಅಲ್ಲವೆನ್ನಲಿಲ್ಲವೆಂದು ಕೇಳಿದ್ದೀರಿ. ಅವಳಿಗೆ ಕಾಣುವುದಿಲ್ಲ, ಅಣ್ಣಾ. ಕೆಂಪು ಬಟ್ಟೆಯನ್ನು ಕಾಲುಚೀಲವೆಂದವಳಿಗೆ ಕಣ್ಣಿದೆಯೇ? ಒಂದೇ ಮನೆಯಲ್ಲಿ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಕುಳಿತು, ತಾಯಿಯ ಕಣ್ಣು ಹೋದದ್ದು ತಮಗೆ ತಿಳಿಯಲಿಲ್ಲ. ಕುರುಡಿಯ ಕೈಯನ್ನು ಕಣ್ಣುಮುಚ್ಚಿಕೊಂಡವನು ಹಿಡಿದು ನಡೆಸಿದ ಹಾಗಾಯಿತು.

ಇದರೊಡನೆ ಹೊಸ ಮೆಮೊರಿ ಕಾರ್ಡ್ ಇದೆ. ಮಲಗಿ ಮಾಡುವ ವ್ಯಾಯಾಮಗಳು ಮಾತ್ರ. ಕುತ್ತಿಗೆಯಿಂದ ಕೆಳಗೆ ಚಿತ್ರೀಕರಿಸಿದ್ದೇನೆ. ಮುಖವಿಲ್ಲ. ಹಾವೂ ಸಾಯದೆ ಕೋಲೂ ಮುರಿಯದೆ ತಮ್ಮ ಮಾತು ಉಳಿಯಲಿ. ಧಾರಾಳವಾಗಿ ಕಣ್ತುಂಬ ನೋಡಿ, ಅಮ್ಮನಿಗೆ ತಾವೇ ಮಾಡಿ ತೋರಿಸಿ. ಕಾಲು ಎಡದ್ದು. ಎಡದ್ದು. ಎಡದ್ದು.

ಏಪ್ರಿಲ್ ೨೭

ತಂಗಿಗೆ,

ನಿನ್ನ ಬಹುವಚನವು ಕಪಾಳಕ್ಕೆ ಹೊಡೆದಂತಿತ್ತು. ಅದನ್ನು ಹೊಡೆತವೆಂದೇ ಸ್ವೀಕರಿಸಿದ್ದೇನೆ. ಹಿಂದಿರುಗಿಸುವ ಹಕ್ಕನ್ನು ಉಳಿಸಿಕೊಂಡಿದ್ದೇನೆ.

ಅಮ್ಮನ ಕಣ್ಣಿನ ವಿಷಯ ದಿಟ. ಮುಂದೆ ಕೈಯಾಡಿಸಿ ಎಷ್ಟು ಬೆರಳೆಂದು ಕೇಳಿದೆ. “ನಿನ್ನ ಬೆರಳು ಎಣಿಸೋ ಕೆಲಸ ಬಿಟ್ಟು ಬಹಳ ದಿನ ಆಯ್ತು ಕಣೋ” ಎಂದು ನಕ್ಕಳು. ಎರಡೂ ಕಣ್ಣಿಗೆ ಪೊರೆ. ನನ್ನಂಥ ಆಳು ಅವಳಿಗೆ ಆಕಾರವಾಗಿ ಕಾಣುತ್ತಾನೆ; ಅಂಗೈಯಗಲದ ಗಾಜಿನಲ್ಲಿ ಬರಿಯ ಬೆಳಕು. ಏಕೆ ಹೇಳಲಿಲ್ಲವೆಂದು ಗದರಿಸಿದೆ. “ಹೇಳಿದ್ರೆ ಕಣ್ಣಿಗೂ ಕತ್ತಿ ಹಾಕಿಸ್ತಿದ್ದೆ. ಸೊಂಟಕ್ಕೆ ಹಾಕ್ಸಿದ್ದೇ ಸಾಲ್ದಾ? ನೀನು ನೋಡ್ತಾ ಇದೀಯಲ್ಲ ಅಂತ ನಾನು ಸುಮ್ನಿದ್ದೆ” ಎಂದಳು. ಅವಳು ನೋಡುತ್ತಿದ್ದಾಳೆಂದು ನಾನು, ನಾನು ನೋಡುತ್ತಿದ್ದೇನೆಂದು ಅವಳು.

ಹೊಸ ಕಾರ್ಡನ್ನು ಹಾಕಿದೆ. ನೋಡಿದೆ. ತಲೆಯಿಲ್ಲದ ಒಂದು ಮೈ ಚಾಪೆಯ ಮೇಲೆ ಮಲಗಿ ಕಾಲನ್ನು ಮಡಿಸುತ್ತದೆ, ಚಾಚುತ್ತದೆ. ಅದರೊಳಗಿಂದ ನಿನ್ನ ದನಿ ಬರುತ್ತದೆ. ಕಟುಕನ ಅಂಗಡಿಯ ಮುಂದೆ ನಿಂತಂತಾಯಿತು. ಇದನ್ನು ಮಾಡಲು ನಿನಗೆ ಮನಸ್ಸಾದರೂ ಹೇಗೆ ಬಂದಿತು? ಆದರೂ ಪಾಠವನ್ನು ಕಲಿತೆ. ಬಾಗಿಲಿಗೆ ಅಗುಳಿ ಹಾಕಿ, ಪಂಚೆ ಎತ್ತಿ ಕಟ್ಟಿ, ಅಮ್ಮನ ಮಂಚದ ಪಕ್ಕದಲ್ಲಿ ನೆಲದ ಮೇಲೆ ಮಲಗಿ, “ಅಮ್ಮಾ, ನನ್ನ ಕಾಲು ಮುಟ್ಟಿ ನೋಡು, ಹೀಗೆ” ಎಂದೆ. ಅವಳು ಕೈಚಾಚಲಿಲ್ಲ.

“ಈ ಸಲ ನೋಡಿದ್ಯಾ ಅವಳನ್ನ?” ಎಂದಳು.

“ನೋಡಿದೆ.”

“ಮುಖ ಹೇಗಿದೆ? ಇಳಿದು ಹೋಗಿದ್ಯಾ?”

ಸುಳ್ಳು ನನ್ನ ನಾಲಗೆಗೆ ಬಾರದು. ಮುಖವಿಲ್ಲ, ಕುತ್ತಿಗೆಯಿಂದ ಕೆಳಗೆ ಮಾತ್ರ ಇದೆಯೆಂದೆ. ಏಕೆಂದಳು. ಹೇಳಿದೆ. ಆಮೇಲೆ ಅವಳಾಡಿದ ಮಾತನ್ನು ಹಾಗೆಯೇ ಬರೆಯುತ್ತೇನೆ. ಅದರಲ್ಲಿ ನಿನ್ನ ಪಾಲೂ ಇದೆ.

“ಥೂ! ನಾನು ಹೆತ್ತಾಗ ಇಬ್ಬರಿಗೂ ತಲೆ ಇತ್ತು. ಅವಳು ತಲೆ ತೆಗೆದು ಕಳಿಸ್ತಾಳಂತೆ, ಇವನು ಅದನ್ನ ನೋಡ್ತಾನಂತೆ. ತೆಗೀ ಅದನ್ನ. ಮುಖ ಇಲ್ಲದ ಮಗಳ ಹತ್ರ ನಾನು ಏನೂ ಕಲಿಯಲ್ಲ. ಕಾಲು ಬಿಗಿದ್ರೆ ಬಿಗೀಲಿ.”

ಗೋಡೆಯ ಕಡೆಗೆ ಮುಖ ತಿರುಗಿಸಿದವಳು ಇನ್ನೂ ಈ ಕಡೆ ತಿರುಗಿಲ್ಲ. ವೈದ್ಯೆ ಹೇಳಿಕಳುಹಿಸಿದ್ದಾರೆ: ಇನ್ನೊಂದು ಪಕ್ಷದೊಳಗೆ ಕೀಲು ಆಡದಿದ್ದರೆ ಶಸ್ತ್ರಚಿಕಿತ್ಸೆಗೆ ದಿನ ನೋಡಬೇಕಂತೆ.

ನನ್ನ ಪ್ರತಿಜ್ಞೆಯ ಬೆಲೆಯನ್ನು ಅಮ್ಮನ ಸೊಂಟ ತೆತ್ತಿತೆಂದು ಬರೆದೆಯಲ್ಲ, ಹೊಸಿಲು ತುಳಿಯೆನೆಂಬ ನಿನ್ನ ಪ್ರತಿಜ್ಞೆಯ ಬೆಲೆಯನ್ನು ಯಾವ ಅಂಗ ತೆರುತ್ತಿದೆ? ಹಟದ ವಿಷಯದಲ್ಲಿ ನನ್ನೊಬ್ಬನನ್ನೇ ಪಂಡಿತನೆಂದು ಕರೆಯುವುದು ಅನ್ಯಾಯ.

ಮೇ ೪

ಅಣ್ಣಾ,

ಬರಲು ಸಿದ್ಧಳಿದ್ದೇನೆ. ಈ ರಾತ್ರಿಯ ರೈಲನ್ನೇ ಹತ್ತಬಲ್ಲೆ. ಬಂದು ಬಾಗಿಲು ತಟ್ಟುತ್ತೇನೆ. ತೆರೆಯುವವನು ನೀನೇ, ಆ ಮನೆಯಲ್ಲಿ ಎದ್ದು ಬರಬಲ್ಲವರು ಬೇರೆ ಯಾರೂ ಇಲ್ಲ. ಆಗ ಏನು ಮಾಡುತ್ತೀ? ಕಣ್ಣು ಮುಚ್ಚಿ ಅಗುಳಿ ತೆಗೆಯುತ್ತೀಯಾ? ಟವಲು ಹೊದ್ದು ಒಳಗೆ ಕರೆಯುತ್ತೀಯಾ? ಅಮ್ಮನ ಮಂಚದ ಆ ಕಡೆ ನಾನು, ಈ ಕಡೆ ನೀನು, ನಡುವೆ ಬೆಡ್‌ಶೀಟು ಕಟ್ಟೋಣವೇ?

ಅಮ್ಮ ಹಾಗೆ ಗೋಡೆಗೆ ತಿರುಗಿ ಮಲಗಿರುವಾಗ ನಾನು ಬಂದು ಅವಳೆದುರಿಗೆ ಆ ನಾಟಕವನ್ನೂ ಆಡಲಾರೆ. ಮುಖವಿಲ್ಲದ ಕಾರ್ಡನ್ನು ಒಡೆದು ಎಸೆ. ಸಿಟ್ಟಿನಲ್ಲಿ ಮಾಡಿದ್ದು. ಮೊದಲಿನದು ನಿನ್ನಲ್ಲಿಯೇ ಇದೆ. ಮಲಗಿ ಮಾಡುವುದು ಅದರ ಕೊನೆಯಲ್ಲಿ ಬರುತ್ತದೆ. ಇನ್ನು ನನ್ನಿಂದ ಆಗುವುದೇನೂ ಉಳಿದಿಲ್ಲ. ಆಗಬೇಕಾದದ್ದು ನಿನ್ನ ಕಣ್ಣಿಂದ.

ಮೇ ೧೩

ತಂಗಿಗೆ,

ನಿನ್ನ ಕಾಗದವನ್ನು ಓದಿ ಹರಿದೆ. ಹರಿದು, ಪ್ರಾರ್ಥನಾಮಂದಿರಕ್ಕೆ ಹೋದೆ. ಓದುವ ದಿನವಾಗಿರಲಿಲ್ಲ, ಗ್ರಂಥ ಬಟ್ಟೆಯೊಳಗಿತ್ತು. ಅದರ ಮುಂದೆ ಬಹಳ ಹೊತ್ತು ಕುಳಿತೆ. ಆಡಿದ ಮಾತನ್ನು ಮುರಿಯುವವನಿಗೆ ಯಾವ ಗತಿಯೆಂಬುದು ನನಗೆ ಕಂಠಪಾಠ. ತಾಯಿಯ ಕಾಲನ್ನು ಮುರಿಯುವವನಿಗೆ ಯಾವ ಗತಿಯೆಂಬುದೂ ಕಂಠಪಾಠ. ಎರಡನ್ನೂ ನೂರಾರು ಸಲ ಜನಕ್ಕೆ ಬಿಡಿಸಿ ಹೇಳಿದ್ದೇನೆ. ಒಂದೇ ಕೊರಳಿಗೆ ಎರಡೂ ಬಂದರೆ ಏನೆಂದು ಯಾರೂ ಕೇಳಿರಲಿಲ್ಲ. ದೇವರು ನನಗೆ ಉತ್ತರ ಕೊಟ್ಟನೆಂದು ಬರೆದರೆ ನಿನಗೆ ಹಿತವಾದೀತು. ಕೊಡಲಿಲ್ಲ. ಕಾಲು ಜೋಮು ಹಿಡಿಯಿತು, ಎದ್ದು ಮನೆಗೆ ಬಂದೆ.

ಮೊದಲಿನ ಕಾರ್ಡನ್ನು ಹಾಕಿ, ಯಂತ್ರವನ್ನು ಕಿಟಕಿಯ ಕಟ್ಟೆಯ ಮೇಲೆ ನಿಲ್ಲಿಸಿದೆ. ಅಮ್ಮ ಗೋಡೆಯ ಕಡೆಗಿದ್ದಳು. ಮಣೆಯನ್ನು ಎಳೆದು, ಈ ಸಲ ಮಂಚಕ್ಕೆ ಬೆನ್ನು ಮಾಡಿ, ಪರದೆಯ ಎದುರಿಗೆ ಕುಳಿತೆ.

ಮೊದಲು ಬರಿಯ ಚಾಪೆ, ಕುರ್ಚಿ. ಬಳಿಕ ನೀನು ಬಂದೆ. ಮಾತಾಡದೆ ಬಗ್ಗಿ ಕಾಲಿನ ಬಟ್ಟೆಯನ್ನು ತೋರಿಸಿ ತಲೆಯೆತ್ತಿದೆ. ಆ ಮೌನವನ್ನು ನಾನು ಅಷ್ಟು ದಿನವೂ ಯಂತ್ರದ ದೋಷವೆಂದು ತಿಳಿದಿದ್ದೆ.

ಕಿವಿಯ ಮೇಲೆ ಕೂದಲು ಇಷ್ಟು ಬೆಳ್ಳಗಾಗುವವರೆಗೆ ನನಗೊಂದು ಮಾತು ಬರೆಯಬಾರದಾಗಿತ್ತೇ? ಕನ್ನಡಕ ಯಾವಾಗ ಬಂತು? ಗಲ್ಲದ ಮೇಲಿನ ಆ ಗಾಯ ಯಾವುದು? ಇದನ್ನೆಲ್ಲ ನಿನ್ನ ಅಣ್ಣನು ಅಂಗೈಯಗಲದ ಗಾಜಿನಲ್ಲಿ ಹುಡುಕಿ ತಿಳಿಯಬೇಕೇ? ನಿನ್ನ ಮೇಲೆ ನನಗೆ ಹಿಂದೆಂದೂ ಬಾರದಂಥ ಸಿಟ್ಟು ಬಂದಿತು. ಆ ಸಭೆಯಲ್ಲಿ ನಕ್ಕವರೆಲ್ಲರ ಮೇಲೆಯೂ ಬಂದಿತು. ನಕ್ಕವರನ್ನು ಬಿಟ್ಟು ನಿನ್ನನ್ನು ಹಿಡಿದವನ ಮೇಲೆ ಬಂದದ್ದರ ಲೆಕ್ಕವನ್ನು ನಿನಗೆ ಒಪ್ಪಿಸಲಾರೆ; ಕೇಳಬೇಡ.

ಹಾಗೆ ನೋಡುತ್ತಿರುವಾಗ ಹಿಂದಿನಿಂದ ಅಮ್ಮನ ದನಿ ಬಂದಿತು. ಅವಳು ಯಾವಾಗ ಈ ಕಡೆ ತಿರುಗಿದ್ದಳೋ ತಿಳಿಯದು.

“ಯಾರ್ ಕಡೆ ಬೆನ್ನು ಮಾಡ್ಕೊಂಡು ಕೂತಿದೀಯೋ? ನನ್ನ ಕಡೇನಾ?”

“ಹೌದಮ್ಮಾ.”

“ಹಾಗಾದ್ರೆ ಅವಳನ್ನ ನೋಡ್ತಿದೀಯ.”

“ನೋಡ್ತಿದೀನಿ.”

“ಮುಖ ಇದ್ಯಾ?”

“ಇದೆ.”

“ಹೇಗಿದ್ದಾಳೆ?”

ಏನು ಹೇಳಬಹುದಿತ್ತು? ನರೆ, ಕನ್ನಡಕ, ಗಾಯ, ಯಾವುದನ್ನು ಹೇಳಿದರೂ ಅವಳು ಆ ರಾತ್ರಿ ನಿದ್ರಿಸುತ್ತಿರಲಿಲ್ಲ. ಪರದೆಯಲ್ಲಿ ನೀನು ಹುಬ್ಬು ಗಂಟಿಕ್ಕಿ, ಹಲ್ಲು ಕಚ್ಚಿ, ಕೆಂಪು ಬಟ್ಟೆಯ ಕಾಲನ್ನು ಹಿಡಿದುಕೊಂಡಿದ್ದೆ. ಕ್ಯಾಮೆರಾದ ಈ ಕಡೆ ಕುಳಿತವನನ್ನು ಸುಟ್ಟುಬಿಡುವಂತೆ ನೋಡುತ್ತಿದ್ದೆ.

“ಸಿಟ್ಟಲ್ಲಿದ್ದಾಳೆ” ಎಂದೆ.

ಅಮ್ಮ ಹೊದಿಕೆಯನ್ನು ಪಕ್ಕಕ್ಕೆ ಎಸೆದಳು.

“ಹಾಗಾದ್ರೆ ಗಟ್ಟಿಯಾಗೇ ಇದ್ದಾಳೆ. ಬಾ, ಯಾವ ಕಾಲು ಅಂತ ನೋಡ್ಕೊಂಡು ಹೇಳು.”

ಅಣ್ಣ